ಪದಗಳ ನೆಂಟಸ್ತನ

ಬೆಂಗಳೂರಿನ ಪೂರ್ವಭಾಗದಲ್ಲಿ, ಹೆಣ್ಣೂರು ರಸ್ತೆಯ ಮಗ್ಗುಲಿಗೆ ಲಿಂಗರಾಜಪುರವೆಂಬ ಬಡಾವಣೆಯಿದೆ. ಅದರ ಸಮೀಪದಲ್ಲಿ ಕಾಕ್ಸ್ ಟೌನ್, ಕುಕ್ ಟೌನ್, ಫ್ರೇಜರ್ ಟೌನ್ ಎಂಬ ಹೆಸರಿನ ಬಡಾವಣೆಗಳಿವೆ. ಈ ಹೆಸರುಗಳೇ ಆ ಪ್ರದೇಶದ ಚರಿತ್ರೆಯನ್ನು ಹೇಳುತ್ತವೆ. 1809ರ ಸುಮಾರಿಗೆ ಹಲಸೂರಿನ ಬಳಿ ಬ್ರಿಟಿಷರ ಸೈನ್ಯವು ಬಂದು ನೆಲೆಸಿತು. ಅವರು ಅದನ್ನು ಕಂಟೋನ್ಮೆಂಟ್ ಎಂದರು. ಕನ್ನಡಿಗರು ದಂಡು ಎಂದರು. ರೈಲು ನಿಲ್ದಾಣಕ್ಕೆ ಬೆಂಗಳೂರು ದಂಡು ಎಂಬ ಹೆಸರು ಇಂದಿಗೂ ಉಳಿದಿದೆ. 1947ರಲ್ಲಿ ಈ ಪ್ರದೇಶದ ಆಡಳಿತವು ಮೈಸೂರು ಸಂಸ್ಥಾನಕ್ಕೆ ಮರಳಿತಾದರೂ, ಅದರೊಡನೆ ಬಂದಿದ್ದ ಇಂಗ್ಲಿಷು ಇಲ್ಲಿಯೇ ನಿಂತಿತು.

ಲಿಂಗರಾಜಪುರದ ಅಂಗಡಿಬೀದಿಯಲ್ಲಿ ನಡೆದರೆ ಕನ್ನಡ, ತಮಿಳು, ಉರ್ದು, ತೆಲುಗು, ಇಂಗ್ಲಿಷು ಎಲ್ಲವೂ ಕಿವಿಗೆ ಬೀಳುತ್ತವೆ. ಅಂಗಡಿಗಳ ಹಲಗೆಗಳ ಮೇಲೆ ಬೇಕರಿ, ಸ್ಟೇಷನರಿ, ಟ್ರಾನ್ಸ್‌ಪೋರ್ಟ್, ಎಲೆಕ್ಟ್ರಿಕಲ್ಸ್ ಮುಂತಾದ ಮಾತುಗಳು ಕನ್ನಡ ಅಕ್ಷರಗಳಲ್ಲಿಯೇ ಕಾಣುತ್ತವೆ. ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗೆ ಈ ಬಗೆಯ ನೂರಾರು ಪದಗಳು ತಾವಾಗಿಯೇ ಬಂದಿರುತ್ತವೆ. ಬಸ್ಸು, ಪೆನ್ನು, ರೈಲು ಎಂದು ಉಕಾರವನ್ನು ಸೇರಿಸಿಕೊಂಡೋ, ಆಸ್ಪತ್ರೆ, ಲಾಂದ್ರ ಎಂದು ವೇಷವನ್ನೇ ಬದಲಿಸಿಕೊಂಡೋ ಅವು ನಮ್ಮ ಮನೆಯವೇ ಆಗಿಬಿಟ್ಟಿವೆ. ಆದರೆ ಹತ್ತನೆಯ ತರಗತಿ ಮುಗಿದು ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನವನ್ನೋ ವಾಣಿಜ್ಯವನ್ನೋ ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದಾಗ ಇಷ್ಟು ಸಾಲದು. ಪುಟಪುಟಕ್ಕೂ ಅಪರಿಚಿತ ಪದಗಳು ಎದುರಾಗುತ್ತವೆ. ಅದೇ ವಿಷಯವನ್ನು ಕನ್ನಡದಲ್ಲಿ ಚೆನ್ನಾಗಿ ತಿಳಿದಿದ್ದ ಜಾಣ ವಿದ್ಯಾರ್ಥಿಗಳೂ ಆಗ ಕೈಚೆಲ್ಲಿ ಕುಳಿತುಕೊಳ್ಳುವುದುಂಟು. ತಮಗೆ ಪ್ರಿಯವಾದ ವಿಷಯವನ್ನೇ ಬಿಟ್ಟುಕೊಡುವುದೂ ಉಂಟು. ಅವರಿಗೆ ಬುದ್ಧಿ ಸಾಲದೆ ಹೋದುದಲ್ಲ, ಪದ ಸಾಲದೆ ಹೋದುದು. ಈ ಕೊರತೆಯನ್ನು ನೀಗಿಕೊಳ್ಳಲು ಬೇಕಾದ ಸಾಮಗ್ರಿಯು ಬಹುಮಟ್ಟಿಗೆ ಅವರ ಕನ್ನಡ ಪುಸ್ತಕಗಳಲ್ಲಿಯೇ ಇದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಎಷ್ಟು ಪದಗಳು ಬೇಕೆಂಬುದನ್ನು ನೋಡಬೇಕು. ಇಂಗ್ಲಿಷ್ ನಿಘಂಟಿನ ಗಾತ್ರವನ್ನು ಕಂಡು ಹೆದರುವವರೇ ಹೆಚ್ಚು. ಆದರೆ ಬಳಕೆಯಲ್ಲಿ ಎಲ್ಲ ಪದಗಳೂ ಸಮಾನವಲ್ಲ. ಬಂಗಾಳದ ಢಾಕಾ ನಗರದಲ್ಲಿ ಅಧ್ಯಾಪಕರಾಗಿದ್ದ ಮೈಕೇಲ್ ವೆಸ್ಟ್ ಎಂಬವರು ಕಲಿಯುವವರಿಗೆ ಅತ್ಯಂತ ಉಪಯುಕ್ತವಾದ ಸುಮಾರು 2,000 ಇಂಗ್ಲಿಷ್ ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿಯು ಕಾಲೇಜುಗಳ ಓದಿಗೆ ಸಂಬಂಧಿಸಿದ ಸುಮಾರು 35 ಲಕ್ಷ ಪದಗಳಷ್ಟು ಬರಹವನ್ನು ಶೋಧಿಸಿ, ವೆಸ್ಟ್ ಅವರ ಪಟ್ಟಿಗೆ ಸೇರದೆ ಎಲ್ಲ ಶಾಸ್ತ್ರಗಳಲ್ಲಿಯೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳ ಪಟ್ಟಿಯನ್ನು 2000ದಲ್ಲಿ ಹೊರತಂದರು. ಅಂತಹ ಬರಹದ ಮುಕ್ಕಾಲು ಪಾಲನ್ನು ವೆಸ್ಟ್ ಅವರ ಪದಗಳೇ ತುಂಬುತ್ತವೆ. ಇನ್ನು ಶೇಕಡಾ 10ರಷ್ಟನ್ನು ಈ 570 ಕುಟುಂಬಗಳು ತುಂಬುತ್ತವೆ. ಉಳಿದವು ಆಯಾ ಶಾಸ್ತ್ರದ ಪರಿಭಾಷೆ ಮತ್ತು ವಿರಳವಾದ ಪದಗಳು. ದಿನಕ್ಕೆ ಎರಡು ಕುಟುಂಬಗಳಂತೆ ಕಲಿತರೆ 570 ಕುಟುಂಬಗಳಿಗೆ 285 ದಿನಗಳು ಸಾಕು. ಇವುಗಳಲ್ಲಿ ಲೇಬರ್, ಕಂಟ್ರಾಕ್ಟ್, ಲೈಸೆನ್ಸ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ಕಂಪ್ಯೂಟರ್ ಮೊದಲಾದವೂ ಸೇರಿವೆ. ಇವು ಲಿಂಗರಾಜಪುರದ ಹುಡುಗನಿಗೆ ಹೊಸವೇನೂ ಅಲ್ಲ.

ಪದಗಳ ಬದಲು ಪದಕುಟುಂಬಗಳೆಂದು ಎಣಿಸಿರುವುದನ್ನು ಗಮನಿಸಬೇಕು. ಇಂಗ್ಲಿಷಿನ ಪ್ರೌಢ ಪದಗಳು ಒಂಟಿಯಾಗಿ ಬಾಳುವವಲ್ಲ. ಅವು ಕುಲ, ಬಳ್ಳಿ, ನೆಂಟಸ್ತನಗಳುಳ್ಳವು. ಇದಕ್ಕೆ ಚಾರಿತ್ರಿಕ ಕಾರಣವುಂಟು. ಹಿಂದಿನ ಇಂಗ್ಲಿಷು ಬಹುಮಟ್ಟಿಗೆ ನಾಡಪದಗಳ ನುಡಿಯಾಗಿತ್ತು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ, ನ್ಯಾಯಾಲಯದ ಭಾಷೆ ಫ್ರೆಂಚ್ ಆಯಿತು. ಮಠಗಳಲ್ಲಿ, ವಿದ್ವಾಂಸರಲ್ಲಿ ಲ್ಯಾಟಿನ್ ಮೊದಲೇ ಇತ್ತು. ಮುಂದೆ ವಿಜ್ಞಾನವು ಬೆಳೆದಾಗ ಗ್ರೀಕ್ ಧಾತುಗಳಿಂದ ಹೊಸ ಪದಗಳನ್ನು ಕಟ್ಟಿದರು. ಹೀಗೆ ಒಂದೇ ಅರ್ಥಕ್ಕೆ ಇಂಗ್ಲಿಷಿನಲ್ಲಿ ಎರಡು ಮೂರು ಅಂತಸ್ತುಗಳು ಏರ್ಪಟ್ಟವು. ಸಾಮಾನ್ಯರು ಆಸ್ಕ್ ಎಂದರೆ, ಅದಕ್ಕಿಂತ ಬಿಗಿಯಾದುದು ಕ್ವೆಶ್ಚನ್, ಪೊಲೀಸರು ಮಾಡುವುದು ಇಂಟರಾಗೇಟ್. ನಾವೂ ಕೇಳು, ಪ್ರಶ್ನಿಸು, ವಿಚಾರಣೆ ಮಾಡು ಎನ್ನುವುದಿಲ್ಲವೆ? ಅಚ್ಚಗನ್ನಡದ ಹೊಳೆಯ ಪಕ್ಕದಲ್ಲಿ ಸಂಸ್ಕೃತದ ನದಿ ಹರಿಯುವಂತೆ, ಇಂಗ್ಲಿಷಿನಲ್ಲಿ ನಾಡಪದಗಳ ಪಕ್ಕದಲ್ಲಿ ಲ್ಯಾಟಿನ್, ಗ್ರೀಕ್ ಪದಗಳಿವೆ. ಬೆಂಗಳೂರಿನ ಜನ ಮಿಂಟೋ ಕಣ್ಣಿನ ಆಸ್ಪತ್ರೆ ಎಂದು ಕರೆಯುವ ಸಂಸ್ಥೆಯ ಇಂಗ್ಲಿಷ್ ಹೆಸರಿನಲ್ಲಿ ಐ ಎಂಬ ಪದವಿಲ್ಲ, ಆಫ್ತಾಲ್ಮಿಕ್ ಎಂದಿದೆ; ಅದು ಕಣ್ಣು ಎಂಬರ್ಥದ ಗ್ರೀಕ್ ಪದದಿಂದ ಬಂದುದು. ಕಣ್ಣಿನ ವೈದ್ಯರ ಹಲಗೆಯ ಮೇಲೆ ನಾವೂ ನೇತ್ರತಜ್ಞರು ಎಂದೇ ಬರೆಯುತ್ತೇವೆ.

ಈಗ ಮುಖ್ಯವಾದ ಮಾತಿಗೆ ಬರೋಣ. ನಮ್ಮಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಬರೆಯತೊಡಗಿದ ಹಿರಿಯರಿಗೆ ಪಾರಿಭಾಷಿಕ ಪದಗಳೇ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ತಮ್ಮ ಸಹೋದ್ಯೋಗಿಗಳೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಈ ಕಷ್ಟವೇ ಎದುರಾಗಿತ್ತು. ಇಂತಹವರು ಹಲವು ಕಡೆ ಅನುಸರಿಸಿದ ಕ್ರಮವೆಂದರೆ, ಇಂಗ್ಲಿಷ್ ಪದವನ್ನು ಬಿಡಿಸಿ, ಅದರ ಒಂದೊಂದು ಅಂಗಕ್ಕೂ ಒಂದೊಂದು ಸಂಸ್ಕೃತ ಪದವನ್ನು ಇಟ್ಟು ಮತ್ತೆ ಜೋಡಿಸುವುದು. ಟೆಲಿ ಎಂದರೆ ದೂರ, ಸ್ಕೋಪ್ ಎಂದರೆ ನೋಡುವುದು; ಟೆಲಿಸ್ಕೋಪು ದೂರದರ್ಶಕವಾಯಿತು. ಮೈಕ್ರೋ ಎಂದರೆ ಸೂಕ್ಷ್ಮ, ಮೈಕ್ರೋಸ್ಕೋಪು ಸೂಕ್ಷ್ಮದರ್ಶಕವಾಯಿತು. ಬಾರೋ ಎಂದರೆ ಭಾರ, ಮೀಟರ್ ಎಂದರೆ ಅಳೆಯುವ ಸಾಧನ, ಬಾರೋಮೀಟರು ವಾಯುಭಾರಮಾಪಕವಾಯಿತು. ಮಕ್ಕಳ ನಾಲಗೆ ತೊಡರುವ ದ್ಯುತಿಸಂಶ್ಲೇಷಣೆಯನ್ನೇ ತೆಗೆದುಕೊಳ್ಳಿ. ಅದರ ಇಂಗ್ಲಿಷ್ ಹೆಸರು ಫೋಟೋಸಿಂಥೆಸಿಸ್. ಫೋಟೋ ಎಂದರೆ ಬೆಳಕು, ಅದೇ ದ್ಯುತಿ. ಸಿನ್ ಎಂದರೆ ಒಟ್ಟಿಗೆ, ಅದೇ ಸಂ. ಥೆಸಿಸ್ ಎಂದರೆ ಇಡುವುದು. ಒಟ್ಟಿಗೆ ಇಡುವುದೇ ಸಂಶ್ಲೇಷಣೆ. ಎಲೆಯು ಬೆಳಕಿನ ನೆರವಿನಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸುವ ಕ್ರಿಯೆ ಎಂಬುದು ಎರಡು ಹೆಸರುಗಳಲ್ಲಿಯೂ ಒಂದೇ ರೀತಿ ಅಡಗಿದೆ.

ಅಂದಮೇಲೆ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಪರಿಭಾಷೆಯನ್ನು ಹೊಸದಾಗಿ ಕಲಿಯಬೇಕಾದುದಿಲ್ಲ. ಹಿರಿಯರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ದಾರಿಯಲ್ಲಿಯೇ ಹಿಂದಿರುಗಿ ಹೋದರೆ ಸಾಕು. ಒಮ್ಮೆ ಸಿನ್ ಎಂಬುದನ್ನು ಸಂ ಎಂದು ಗುರುತಿಸಿದರೆ ಸಿಂಫನಿ, ಸಿಂಪಥಿ ಮುಂತಾದವುಗಳ ಬಾಗಿಲೂ ತೆರೆಯುತ್ತದೆ. ಸಮಾಜವಿಜ್ಞಾನದ ಪುಸ್ತಕದಲ್ಲಿಯೂ ಇದೇ ಸ್ಥಿತಿ. ಅಂತರರಾಷ್ಟ್ರೀಯ ಎಂಬುದು ಇಂಟರ್‌ನ್ಯಾಷನಲ್, ಉಪವಿಭಾಗ ಎಂಬುದು ಸಬ್‌ಡಿವಿಷನ್. ಸಮಕಾಲೀನ ಎಂಬುದು ಕಂಟೆಂಪೊರರಿ. ಅಲ್ಲಿ ಕಾನ್ ಎಂದರೆ ಜೊತೆಗೆ, ಟೆಂಪಸ್ ಎಂದರೆ ಕಾಲ.

ಇವುಗಳಲ್ಲಿ ನನಗೆ ಅತ್ಯಂತ ಸೊಗಸಾಗಿ ತೋರುವುದು ಸ್ಪೆಕ್ಟ್ ಎಂಬ ಅಂಗದ ಕುಟುಂಬ. ಲ್ಯಾಟಿನ್ನಿನಲ್ಲಿ ಇದಕ್ಕೆ ನೋಡು ಎಂದರ್ಥ. ಸಂಸ್ಕೃತದಲ್ಲಿ ಅದೇ ಅರ್ಥದ ಧಾತು ಈಕ್ಷ್. ಉಪಸರ್ಗಗಳನ್ನು ಬದಲಿಸುತ್ತ ಹೋದಂತೆ ಆ ಒಂದು ಧಾತುವಿನಿಂದ ಪರೀಕ್ಷೆ, ನಿರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ, ಪ್ರೇಕ್ಷಕ ಎಂಬ ಪದಗಳು ಹುಟ್ಟಿದವು. ಇಂಗ್ಲಿಷಿನಲ್ಲಿಯೂ ಇನ್‌ಸ್ಪೆಕ್ಟ್ ಎಂದರೆ ಒಳಹೊಕ್ಕು ನೋಡು, ಸಸ್ಪೆಕ್ಟ್ ಎಂದರೆ ಕೆಳಗಿನಿಂದ ಕದ್ದು ನೋಡು ಎಂದರೆ ಶಂಕಿಸು, ಪ್ರಾಸ್ಪೆಕ್ಟ್ ಎಂದರೆ ಮುಂದೆ ನೋಡುವುದು, ಸ್ಪೆಕ್ಟೇಟರ್ ಎಂದರೆ ಪ್ರೇಕ್ಷಕ. ಪೊಲೀಸ್ ಇನ್‌ಸ್ಪೆಕ್ಟರನ್ನು ಆರಕ್ಷಕ ನಿರೀಕ್ಷಕ ಎನ್ನುತ್ತಾರೆ. ನಿರೀಕ್ಷೆ ಎಂಬ ಮಾತಿಗೆ ಕಾದು ನೋಡುವುದು ಎಂಬ ಅರ್ಥವೂ ಉಂಟಷ್ಟೆ. ಆ ಅರ್ಥದ ಎಕ್ಸ್‌ಪೆಕ್ಟ್ ಎಂಬ ಇಂಗ್ಲಿಷ್ ಪದವೂ ಇದೇ ಸ್ಪೆಕ್ಟಿನ ಮಗು. ಎಕ್ಸ್ ಮತ್ತು ಸ್ಪೆಕ್ಟ್ ಕೂಡುವಾಗ ನಡುವಿನ ಒಂದು ಸಕಾರ ಲೋಪವಾಗಿದೆ.

ಲೋಪ ಎಂಬ ಮಾತು ಬಂದುದರಿಂದ ಹೇಳುತ್ತೇನೆ: ವ್ಯಾಕರಣದ ಪಾಠದಲ್ಲಿ ಕಲಿತ ಸಂಧಿಗಳು ಇಂಗ್ಲಿಷಿಗೂ ಉಪಯೋಗಕ್ಕೆ ಬರುತ್ತವೆ. ಜಗತ್ ಮತ್ತು ನಾಥ ಸೇರಿ ಜಗನ್ನಾಥನಾಗುತ್ತಾನೆ. ಉತ್ ಮತ್ತು ಲೇಖ ಸೇರಿ ಉಲ್ಲೇಖವಾಗುತ್ತದೆ. ಇಂಗ್ಲಿಷಿನಲ್ಲಿ ಅಲ್ಲ ಎಂಬರ್ಥದ ಇನ್ ಎಂಬುದು ಲೀಗಲ್ ಎಂಬುದರ ಹಿಂದೆ ಬಂದಾಗ ಇಲ್ಲೀಗಲ್ ಆಗುತ್ತದೆ, ರೆಗ್ಯುಲರ್ ಎಂಬುದರ ಹಿಂದೆ ಇರ್ರೆಗ್ಯುಲರ್ ಆಗುತ್ತದೆ, ಪಾಸಿಬಲ್ ಎಂಬುದರ ಹಿಂದೆ ಇಂಪಾಸಿಬಲ್ ಆಗುತ್ತದೆ. ಸಂಧಿಯನ್ನು ಬಿಡಿಸಬಲ್ಲವನಿಗೆ ನಾಲ್ಕು ಬೇರೆ ಬೇರೆ ಉಪಸರ್ಗಗಳಂತೆ ಕಾಣುವುವು ಒಂದೇ ಆಗಿಬಿಡುತ್ತವೆ. ಕಾಗುಣಿತದಲ್ಲಿ ಅಕ್ಷರಗಳು ಏಕೆ ಇಮ್ಮಡಿಯಾಗಿವೆ ಎಂಬುದಕ್ಕೂ ಇಲ್ಲಿ ಉತ್ತರ ದೊರೆಯುತ್ತದೆ.

ಎಷ್ಟೋ ಕಡೆ ಈ ಹೋಲಿಕೆಯು ಅರ್ಥಕ್ಕೆ ಮಾತ್ರ ಸೀಮಿತವಲ್ಲ, ರಕ್ತಸಂಬಂಧವೇ ಆಗಿದೆ. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ ಎಂಬವರು 1786ರಲ್ಲಿ ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಹೇಳಿದರು. ಕನ್ನಡವು ಬೇರೆಯ ಕುಟುಂಬದ್ದು, ದ್ರಾವಿಡ ಭಾಷೆ. ಆದರೂ ಸಾವಿರ ವರ್ಷಗಳಿಗೂ ಮೀರಿ ನಾವು ಸಂಸ್ಕೃತದಿಂದ ಪದಗಳನ್ನು ತೆಗೆದುಕೊಂಡಿರುವುದರಿಂದ ಆ ನೆಂಟಸ್ತನ ನಮಗೂ ದಕ್ಕಿದೆ. ಶಿಶುಮರಣ ಪ್ರಮಾಣವನ್ನು ಇಂಗ್ಲಿಷಿನಲ್ಲಿ ಇನ್‌ಫಂಟ್ ಮಾರ್ಟಾಲಿಟಿ ರೇಟ್ ಎನ್ನುತ್ತಾರೆ. ಮರಣದ ಮರ್, ಮಾರ್ಟಾಲಿಟಿಯ ಮಾರ್ಟ್ ಎರಡೂ ಒಂದೇ ಬೇರಿನವು. ಅಮರ ಎಂಬುದೇ ಇಮ್ಮಾರ್ಟಲ್. ನಿಲ್ಲು ಎಂಬರ್ಥದ ಸ್ಥಾ ಧಾತುವಿನಿಂದ ಸ್ಥಾನ, ಸ್ಥಿತಿ, ಸ್ಥಿರ, ಸಂಸ್ಥೆಗಳು ಬಂದಂತೆ, ಅದರ ಲ್ಯಾಟಿನ್ ನೆಂಟನಿಂದ ಸ್ಟೇಷನ್, ಸ್ಟೇಟಸ್, ಸ್ಟ್ಯಾಚು, ಸ್ಟೇಬಲ್‌ಗಳು ಬಂದವು. ಕಾಗದ, ಪೆನ್ಸಿಲು ಮಾರುವ ಅಂಗಡಿಯ ಸ್ಟೇಷನರಿಯೂ ಈ ವಂಶದ್ದೇ. ಮಧ್ಯಯುಗದ ಯೂರೋಪಿನಲ್ಲಿ ಹೊತ್ತು ತಿರುಗಿ ಮಾರುವವರ ನಡುವೆ ಒಂದೇ ಕಡೆ ನಿಂತು ಪುಸ್ತಕಗಳನ್ನು ಮಾರುತ್ತಿದ್ದವನು ಸ್ಟೇಷನರ್ ಎನಿಸಿದನು. ಚಲಿಸದೆ ನಿಂತಿರುವ ಎಂಬರ್ಥದ ಸ್ಟೇಷನರಿಯ ಕಾಗುಣಿತದ ಕೊನೆಯಲ್ಲಿ ಎ, ಆರ್, ವೈ ಬರುತ್ತವೆ. ಅಂಗಡಿಯ ಸ್ಟೇಷನರಿಗೆ ಇ, ಆರ್, ವೈ.

ಆದರೆ ನೆಂಟರೆಲ್ಲರೂ ನಂಬತಕ್ಕವರಲ್ಲ. ಹಳೆಯ ಮದ್ರಾಸು ರಸ್ತೆಯಲ್ಲಿ ಸಾಗುವ ಪೆಟ್ರೋಲು ಟ್ಯಾಂಕರುಗಳ ಬೆನ್ನ ಮೇಲೆ ಹೈಲಿ ಇನ್‌ಫ್ಲೇಮಬಲ್ ಎಂದು ಬರೆದಿರುವುದನ್ನು ಕಾಣಬಹುದು. ಈಗತಾನೆ ಕಲಿತ ಸೂತ್ರವನ್ನು ಅನ್ವಯಿಸಿ ಇನ್ ಎಂದರೆ ಅಲ್ಲ, ಆದುದರಿಂದ ಇದು ಉರಿಯದ ವಸ್ತು ಎಂದು ಯಾರಾದರೂ ತಿಳಿದರೆ ಅನಾಹುತವೇ ಸರಿ. ಇಲ್ಲಿನ ಇನ್ ಬೇರೆ. ಒಳಗೆ, ಒಳಕ್ಕೆ ಎಂಬರ್ಥದ್ದು. ಇನ್‌ಫ್ಲೇಮ್ ಎಂದರೆ ಜ್ವಾಲೆ ಹೊತ್ತಿಸು, ಇನ್‌ಫ್ಲೇಮಬಲ್ ಎಂದರೆ ಬೇಗನೆ ಹೊತ್ತಿಕೊಳ್ಳುವ. ಈ ಗೊಂದಲದಿಂದಲೇ ಅನೇಕ ಕಡೆ ಎಚ್ಚರಿಕೆಯ ಹಲಗೆಗಳಲ್ಲಿ ಈಗ ಇನ್ ಅನ್ನು ಬಿಟ್ಟು ಫ್ಲೇಮಬಲ್ ಎಂದು ಬರೆಯುತ್ತಾರೆ. ನಮ್ಮಲ್ಲಿಯೂ ವಿ ಎಂಬ ಉಪಸರ್ಗವು ವಿಫಲದಲ್ಲಿ ಇಲ್ಲವೆಂದೂ ವಿಖ್ಯಾತದಲ್ಲಿ ವಿಶೇಷವಾಗಿ ಎಂದೂ ಅರ್ಥ ಕೊಡುತ್ತದೆ. ಬಿಡಿಸಿ ನೋಡಿದ ಅರ್ಥವು ಊಹೆಯೆಂದೂ ನಿಘಂಟೇ ಪ್ರಮಾಣವೆಂದೂ ತಿಳಿಯತಕ್ಕದ್ದು.

ಇನ್ನೊಂದು ಬಗೆಯ ಮೋಸವು ನಾವು ಈಗಾಗಲೇ ಬಲ್ಲೆವೆಂದುಕೊಂಡ ಪದಗಳಿಂದ ಬರುತ್ತದೆ. ಬೀದಿಯಲ್ಲಿ ಸಿಕ್ಕ ಇಂಗ್ಲಿಷ್ ಪದಗಳ ಅರ್ಥವು ಕನ್ನಡದಲ್ಲಿ ಕಿರಿದಾಗಿರುತ್ತದೆ, ಕೆಲವೊಮ್ಮೆ ಬದಲಾಗಿಯೂ ಇರುತ್ತದೆ. ಕರೆಂಟು ಹೋಯಿತು ಎನ್ನುವಾಗ ನಮಗೆ ವಿದ್ಯುತ್ತೊಂದೇ ನೆನಪಾಗುತ್ತದೆ. ಆದರೆ ಹೊಳೆಯ ಸೆಳೆತವೂ ಕರೆಂಟೇ, ಬ್ಯಾಂಕಿನ ಚಾಲ್ತಿ ಖಾತೆಯೂ ಕರೆಂಟ್ ಅಕೌಂಟೇ, ಪ್ರಚಲಿತ ವಿದ್ಯಮಾನಗಳು ಕರೆಂಟ್ ಅಫೇರ್ಸ್. ಓಡು, ಹರಿ ಎಂಬುದು ಇದರ ಮೂಲಾರ್ಥ. ಶಾಲೆಯ ಕರಿಕ್ಯುಲಮ್ಮೂ ಅಲ್ಲಿಂದಲೇ ಬಂದುದು. ಮಾಂಸದೂಟ ಬಡಿಸುವ ನಮ್ಮ ಮಿಲಿಟರಿ ಹೋಟೆಲಿನಲ್ಲಿ ಸೈನಿಕರೂ ಇಲ್ಲ, ಇಂಗ್ಲಿಷರ ಹೋಟೆಲಿನಂತೆ ತಂಗಲು ಕೋಣೆಗಳೂ ಇಲ್ಲ. ಪೆಟ್ರೋಲ್ ಬಂಕ್ ಎಂಬ ಮಾತು ಲಂಡನ್ನಿನಲ್ಲಿ ಯಾರಿಗೂ ತಿಳಿಯದು. ಅಲ್ಲಿ ಬಂಕ್ ಎಂದರೆ ಒಂದರ ಮೇಲೊಂದು ಜೋಡಿಸಿದ ಮಲಗುವ ಹಲಗೆ. ಇವು ತಪ್ಪುಗಳೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ನಮ್ಮ ಬೀದಿಯಲ್ಲಿ ಇವು ಸರಿಯೇ. ಪರೀಕ್ಷೆಯ ಪ್ರಬಂಧದಲ್ಲಿ ಬಳಸುವಾಗ ಒಮ್ಮೆ ನಿಂತು ಯೋಚಿಸಬೇಕು, ಅಷ್ಟೆ.

ಪದಗಳ ಒಡನಾಟವನ್ನೂ ಗಮನಿಸಬೇಕು. ಕನ್ನಡದಲ್ಲಿ ನಿದ್ರೆಯು ಗಾಢ, ಕಾಡು ದಟ್ಟ, ಬಡತನ ಕಡು, ಯುದ್ಧ ಘೋರ. ದಟ್ಟ ನಿದ್ರೆ, ಗಾಢ ಬಡತನ ಎಂದು ಯಾರೂ ಹೇಳುವುದಿಲ್ಲ. ಏಕೆಂದು ಕೇಳಿದರೆ ಉತ್ತರವೂ ಇಲ್ಲ. ಅದರಂತೆಯೇ ಇಂಗ್ಲಿಷಿನಲ್ಲಿ ಕಾಫಿ ಸ್ಟ್ರಾಂಗ್, ಮಳೆ ಹೆವಿ, ನಿದ್ರೆ ಡೀಪ್. ಪದವನ್ನು ಅದರ ಜೊತೆಗಾರನೊಡನೆ ಕಲಿಯದವನು ಸ್ಟ್ರಾಂಗ್ ರೇನ್ ಎಂದು ಬರೆಯುತ್ತಾನೆ. ಕಠಿನ ಪದಗಳನ್ನು ಹೆಕ್ಕಿ ಪ್ರದರ್ಶಿಸುವುದೇ ಪ್ರೌಢಿಮೆಯೆಂದು ಭಾವಿಸುವವರಿಗೂ ಇದೇ ಗತಿ. ಗೆಳೆಯನಿಗೆ ಬರೆದ ಕಾಗದದಲ್ಲಿ ಊಟ ಮಾಡಿದೆ ಎನ್ನುವ ಬದಲು ಭೋಜನ ಸ್ವೀಕರಿಸಿದೆ ಎಂದರೆ ಅವನು ನಗುವುದಿಲ್ಲವೆ? ಬಿಗಿನ್ ಎಂದರೆ ಸಾಕಾದಲ್ಲಿ ಕಮೆನ್ಸ್ ಎಂದರೂ ಹಾಗೆಯೇ.

ಅನ್ಯಭಾಷೆಯ ಪದಸಂಪತ್ತನ್ನು ಗಳಿಸುವುದು ಹೇಗೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಮೇಯೋ ಹಾಲ್ ಬಳಿ ಫರ್ಡಿನೆಂಡ್ ಕಿಟ್ಟೆಲ್ಲರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ ಬಂದ ಅವರಿಗೆ ಕನ್ನಡವು ಪೂರ್ತಿ ಅಪರಿಚಿತವಾಗಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳೂ 1,700ಕ್ಕೂ ಹೆಚ್ಚು ಪುಟಗಳೂ ಇವೆ. ಅವರಿಗಿಂತ ಮುಂಚೆಯೇ ವಿಲಿಯಂ ರೀವ್ ಎಂಬವರು ಕನ್ನಡ ನಿಘಂಟನ್ನು ಮಾಡಿದ್ದರು. ಅದನ್ನು ಡೇನಿಯಲ್ ಸ್ಯಾಂಡರ್ಸನ್ ಎಂಬವರು ತಿದ್ದಿ ವಿಸ್ತರಿಸಿ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ್ದರು. ಕಿಟ್ಟೆಲ್ಲರ ವೈಶಿಷ್ಟ್ಯವೆಂದರೆ ಅವರು ಪದವನ್ನು ಒಂಟಿಯಾಗಿ ನೋಡಲಿಲ್ಲ. ಹಳಗನ್ನಡ ಕಾವ್ಯಗಳಲ್ಲಿ ಅದು ಹೇಗೆ ಬಂದಿದೆ, ಜನರ ಗಾದೆಗಳಲ್ಲಿ ಹೇಗೆ ಬರುತ್ತದೆ, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿ ಅದರ ಬಂಧುಗಳು ಯಾರು ಎಂಬುದನ್ನೆಲ್ಲ ಪಕ್ಕದಲ್ಲಿಯೇ ಬರೆದಿಟ್ಟರು.

ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕವೂ ಇದೇ ಮಾದರಿಯ ಚಿಕ್ಕ ನಿಘಂಟಾಗಬಹುದು. ಓದುವಾಗ ಹೊಸ ಪದ ಎದುರಾದರೆ ಮೊದಲು ವಾಕ್ಯದಿಂದ ಅರ್ಥವನ್ನು ಊಹಿಸಿ, ಪದವನ್ನು ಬಿಡಿಸಿ, ಅನಂತರ ನಿಘಂಟನ್ನು ತೆರೆಯಬೇಕು. ಅದು ಕಂಡುಬಂದ ವಾಕ್ಯ, ತಾನೇ ರಚಿಸಿದ ಒಂದು ವಾಕ್ಯ, ಅದರ ಒಬ್ಬಿಬ್ಬರು ನೆಂಟರು, ಅದೇ ಕಟ್ಟಡದ ಕನ್ನಡ ಪದವಿದ್ದರೆ ಅದು, ಇಷ್ಟನ್ನು ಬರೆದುಕೊಳ್ಳಬೇಕು. ಬರೆದ ಮಾತ್ರಕ್ಕೆ ಪದವು ನಿಲ್ಲುವುದಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರುಹಚ್ಚಿ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಲಿತುದರ ಹೆಚ್ಚಿನ ಭಾಗವು ಮೊದಲಿನ ಕೆಲವು ಗಂಟೆಗಳಲ್ಲಿಯೇ ಮರೆತುಹೋಗುತ್ತದೆಂದೂ ಆಮೇಲೆ ಮರೆವಿನ ವೇಗ ತಗ್ಗುತ್ತದೆಂದೂ ತೋರಿಸಿದರು. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ಬಿಡುವು ಕೊಟ್ಟು ಬೇರೆ ಬೇರೆ ದಿನಗಳಲ್ಲಿ ಓದುವುದು ಮೇಲೆಂಬುದೂ ಅವರ ಪ್ರಯೋಗಗಳಿಂದ ತಿಳಿದುಬಂತು. ಆದುದರಿಂದ ಇಂದು ಬರೆದ ಪದವನ್ನು ನಾಳೆ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಒಮ್ಮೆ ಅರ್ಥವನ್ನು ಕೈಯಿಂದ ಮುಚ್ಚಿ ನೆನಪಿಸಿಕೊಳ್ಳಬೇಕು. ನೆನಪಿಗೆ ಬಾರದವನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟು ಮರುದಿನ ಮತ್ತೆ ನೋಡಬೇಕು.